ಸೋಮವಾರದ ಅರಮನೆ

ರಾಜಧಾನಿಯ ಅರಮನೆಗೆ ಒಂಬೈನೂರು ಕಿಟಕಿಗಳಿವೆ. ಅಷ್ಟನ್ನೂ ಒಂದೇ ಮಧ್ಯಾಹ್ನದಲ್ಲಿ, ಒಂದೇ ಕರವಸ್ತ್ರದಲ್ಲಿ ಒರೆಸಿ ಹೊಳೆಸಿದವನು ನಾನು. ಕೊನೆಯ ಕಿಟಕಿಯ ಹತ್ತಿರ ರಾಣಿಯೇ ಬಂದು, 'ಸಾಕು ಬಿಡಪ್ಪ, ಕಣ್ಣು ಕುಕ್ಕುತ್ತೆ' ಎಂದು ಕೈಮುಗಿದಳು. ಆ ಊರಿನಲ್ಲಿ ಏಳು ವರ್ಷ ಇದ್ದೆ. ನಾನು ಸೇತುವೆ ದಾಟುವಾಗ ನದಿ ಎರಡು ನಿಮಿಷ ನಿಂತು, ಆಮೇಲೆ ಹರಿಯುತ್ತಿತ್ತು.

ನಮ್ಮ ಪ್ರೆಸ್ಸಿನಲ್ಲಿ ಇದನ್ನು ಯಾರೂ ನಂಬುತ್ತಿರಲಿಲ್ಲ. ಅದಕ್ಕೇ ನನಗೆ ಡಂಗುರ ಎಂದು ಹೆಸರಿಟ್ಟಿದ್ದರು. ಇಟ್ಟುಕೊಳ್ಳಲಿ. ಕಟಿಂಗ್ ಮಷೀನಿನ ಮುಂದೆ ನನ್ನನ್ನು ಮೀರಿಸುವವನು ಹುಟ್ಟಿಲ್ಲ. ಐನೂರು ಹಾಳೆಯ ಕಟ್ಟು ನನ್ನ ಬ್ಲೇಡಿಗೆ ಬೆಣ್ಣೆ. ಒಮ್ಮೆ ಹಾರುತ್ತಿದ್ದ ನೊಣವನ್ನು ಸರಿಯಾಗಿ ಎರಡು ಭಾಗ ಮಾಡಿದ್ದೆ. ಎರಡು ಭಾಗವೂ ಒಂದಕ್ಕೊಂದು ಮುನಿಸಿಕೊಂಡು ಬೇರೆ ಬೇರೆ ಕಡೆ ಹಾರಿಹೋದವು.

ಅವಳೊಬ್ಬಳು ನಂಬುತ್ತಿದ್ದಳು.

ಅವಳು ಪ್ಲೇಟ್ ರೂಮಿನವಳು. ಫಿಲ್ಮಿನಿಂದ ಅಚ್ಚಿನ ಪ್ಲೇಟು ಮಾಡುವ ಕೆಲಸ. ಸಾಸಿವೆಗಿಂತ ಸಣ್ಣ ಚುಕ್ಕೆ ಜಾಗ ಬಿಟ್ಟು ಸರಿದರೂ ಹಿಡಿಯುತ್ತಾಳೆಂದು ಎಲ್ಲರೂ ಸೂಜಿಗಣ್ಣು ಎನ್ನುತ್ತಿದ್ದರು. ಚಹಾದ ಹೊತ್ತಿಗೆ ನನ್ನ ಮೇಜಿನ ತುದಿಗೆ ಬಂದು ಕೂತು, ಕೈಯಲ್ಲಿದ್ದ ಭೂತಗನ್ನಡಿಯನ್ನು ಒಂದು ಕಣ್ಣಿಗೆ ಹಿಡಿದು ನನ್ನನ್ನು ನೋಡುವಳು. ಗಾಜಿನ ಹಿಂದೆ ಆ ಕಣ್ಣು ಕೆರೆಯಷ್ಟು ದೊಡ್ಡದಾಗಿ, ರೆಪ್ಪೆ ಬಡಿದಾಗ ನನ್ನ ಎದೆಯಲ್ಲಿ ಅಲೆ ಏಳುತ್ತಿತ್ತು.

"ಸುಳ್ಳು ಹುಡುಕ್ತಿದೀರಾ?" ಎಂದು ಕೇಳಿದರೆ,

"ಇಲ್ಲಪ್ಪ. ಸತ್ಯ ಎಲ್ಲಾದ್ರೂ ಒಂದು ಚುಕ್ಕೆ ಇದೆಯಾ ಅಂತ ನೋಡ್ತಿದೀನಿ" ಎನ್ನುವಳು.

ಮೂರು ವರ್ಷ ಹೀಗೇ ಕಳೆಯಿತು. ಇಡೀ ಲೋಕಕ್ಕೆ ಬಾಯಿ ಬಿಡುವ ನಾನು, ಹೇಳಬೇಕಾದ ಒಂದು ಮಾತಿಗೆ ಮಾತ್ರ ಬಾಯಿ ಬಿಡಲಿಲ್ಲ.

ಒಂದು ಶುಕ್ರವಾರ ಅವಳು ಭೂತಗನ್ನಡಿ ಇಲ್ಲದೆ ಬಂದಳು.

"ಡಂಗುರದವರೇ, ಒಂದು ಕೆಲಸ ಆಗ್ಬೇಕಿತ್ತು."

"ಒಂದೇನು, ನೂರು ಹೇಳಿ. ತೊಂಬತ್ತೊಂಬತ್ತು ಊಟಕ್ಕೆ ಮುಂಚೆ ಮುಗಿಸಿಕೊಡ್ತೀನಿ."

"ರಾಜಧಾನಿ ನೋಡ್ಬೇಕು. ಬರೋ ಸೋಮವಾರದಿಂದ ಮೂರು ದಿನ. ಟಿಕೆಟ್ ಆಗಿದೆ. ಎಲ್ಲಿಗೆ ಮೊದಲು ಹೋಗೋದು, ಯಾವ ದಾರಿ, ಎಷ್ಟು ಹೊತ್ತು, ಎಲ್ಲಾ ನೀವೇ ಬರ್ಕೊಡಿ. ನಿಮಗಿಂತ ಗೊತ್ತಿರೋರು ಯಾರಿದಾರೆ?"

"ಒಬ್ಬರೇನಾ?"

ಅವಳು ಮೇಜಿನ ಮೇಲಿನ ಕಾಗದದ ಚೂರನ್ನು ಉಗುರಿನಿಂದ ಮಡಿಸಿದಳು, ಬಿಡಿಸಿದಳು. "ಇಬ್ಬರು."

"ಇನ್ನೊಬ್ಬರು ಯಾರು ಅಂತ ಕೇಳಬಹುದಾ?"

"ಬಂದ್ಮೇಲೆ ಹೇಳ್ತೀನಿ." ಕಿವಿಯ ತುದಿ ಕೆಂಪಾಗಿತ್ತು. "ಚೆನ್ನಾಗಿ ಬರ್ಕೊಡಿ, ಆಯ್ತಾ? ಆಮೇಲೆ ನಿಮ್ಮ ಹತ್ರ ಒಂದು ಮಾತಿದೆ."

ಅಷ್ಟರಲ್ಲಿ ಬಾಗಿಲಲ್ಲಿ ಪೇಪರ್ ಕಂಪನಿಯ ಮಾರಾಟದವನು ನಿಂತಿದ್ದ. ಚೆಂದದ ಹುಡುಗ, ಯಾವಾಗಲೋ ಆಟದಲ್ಲಿ ಬಿದ್ದು ಎಡಗಾಲು ಸ್ವಲ್ಪ ಕುಂಟುತ್ತಿತ್ತು. ವಾರಕ್ಕೊಮ್ಮೆ ಹಾಳೆಯ ಸ್ಯಾಂಪಲ್ ತಂದು ಅವಳನ್ನು ನಗಿಸಿ ಹೋಗುತ್ತಿದ್ದ. ಅಂದು ನಮ್ಮ ಯಜಮಾನರಿಗೆ ಜೋರಾಗಿ ಹೇಳುತ್ತಿದ್ದ: "ಸೋಮವಾರದಿಂದ ಮೂರು ದಿನ ನಾನು ರಜಾ ಸರ್. ಆರ್ಡರ್ ಇದ್ರೆ ಇವತ್ತೇ ಕೊಟ್ಬಿಡಿ."

ಸೋಮವಾರ. ಮೂರು ದಿನ. ಇಬ್ಬರು.

ಲೆಕ್ಕದಲ್ಲಿ ನಾನು ಯಾವಾಗಲೂ ಚುರುಕು. ಹೊಟ್ಟೆಯುರಿಯಲ್ಲಂತೂ ನನ್ನ ಸರಿಸಮ ಯಾರೂ ಇಲ್ಲ. ಆ ದಿನ ನನ್ನ ಹೊಟ್ಟೆಯ ಮೇಲೆ ಪಾತ್ರೆ ಇಟ್ಟಿದ್ದರೆ ಇಡೀ ಪ್ರೆಸ್ಸಿಗೆ ಚಹಾ ಕುದಿಯುತ್ತಿತ್ತು.

ಕೆಲಸ ಬಿಟ್ಟು ರೂಮಿಗೆ ಹೋದೆ. ನನ್ನ ಮಂಚದ ಮೇಲಿನ ಗೋಡೆಯಲ್ಲಿ ರಾಜಧಾನಿಯ ಚಿತ್ರನಕ್ಷೆ ಅಂಟಿಸಿದ್ದೆ. ಅಕ್ಷರವಿಲ್ಲ, ಬರೀ ಚಿತ್ರ: ನೀಲಿ ನದಿ, ಪುಟ್ಟ ಅರಮನೆ, ಉದ್ದನೆಯ ಗೋಪುರ, ಹಸಿರು ತೋಟಗಳು. ನಾಲ್ಕು ವರ್ಷದ ಹಿಂದೆ ನಮ್ಮಲ್ಲೇ ಅಚ್ಚಾಗಿ, ಏನೋ ಕೆಟ್ಟು, ಕತ್ತರಿಸಿ ಬರೆಯುವ ಪ್ಯಾಡು ಮಾಡೆಂದು ನನ್ನ ಮೇಜಿಗೆ ಬಂದ ರಾಶಿಯಿಂದ ಎತ್ತಿಟ್ಟುಕೊಂಡದ್ದು. ಕೆಟ್ಟ ಹಾಳೆಗಳು ದಿನಾ ಬರುತ್ತವೆ. ಯಾಕೆ ಕೆಟ್ಟವೆಂದು ಯಾರು ಕೇಳುತ್ತಾರೆ? ಬೆಳಗ್ಗೆ ಕಣ್ಣು ಬಿಟ್ಟರೆ ಆ ನದಿ, ಮಲಗಿದರೆ ಆ ಅರಮನೆ. ಅಲ್ಲಿನ ಪ್ರತಿ ತಿರುವೂ ನನಗೆ ಬಾಯಿಪಾಠ.

ಪಕ್ಕದಲ್ಲಿ ರಾಜಧಾನಿಯ ಕೈಪಿಡಿ ಇತ್ತು. ಹೊಸ ಮುದ್ರಣ, ಹಿಂದಿನ ತಿಂಗಳು ನಾನೇ ಅಂಚು ಕತ್ತರಿಸಿದ್ದೆ. ಕತ್ತರಿಸುವ ಪುಸ್ತಕಗಳನ್ನೆಲ್ಲ ನಾನು ಓದುತ್ತೇನೆ. ಅದರ ಹನ್ನೊಂದನೇ ಪುಟದಲ್ಲಿ ಸ್ಪಷ್ಟವಾಗಿತ್ತು: ಅರಮನೆಗೆ ಸೋಮವಾರ ರಜೆ. ಹದಿನಾಲ್ಕನೇ ಪುಟದಲ್ಲಿ: ಗೋಪುರಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು, ವಯಸ್ಸಾದವರಿಗೆ, ಅಶಕ್ತರಿಗೆ ಹಿಂಬದಿಯಲ್ಲಿ ಲಿಫ್ಟ್.

ಪೆನ್ನು ತೆಗೆದೆ. ಪ್ರೇಮಪತ್ರವನ್ನೂ ಯಾರೂ ಅಷ್ಟು ಮುದ್ದಾಗಿ ಬರೆದಿರಲಿಕ್ಕಿಲ್ಲ.

'ಸೋಮವಾರ. ಸ್ಟೇಷನ್ನಿನಿಂದ ಹೊರಗೆ ಬಂದು ಎಡಕ್ಕೆ. ಆಟೋ ಬೇಡ, ಆ ರಸ್ತೆಯನ್ನು ನಡೆದೇ ನೋಡಬೇಕು. ಮೊದಲು ಅರಮನೆ. ಅಲ್ಲಿಂದ ನದಿಯ ದಂಡೆಯಲ್ಲಿ ಒಂದೂವರೆ ಗಂಟೆ ನಡಿಗೆ. ಎಲ್ಲೂ ಕೂರಬೇಡಿ, ಬೆಳಕು ಹೋಗಿಬಿಡುತ್ತದೆ. ಆಮೇಲೆ ಗೋಪುರ. ಮೆಟ್ಟಿಲಿನಲ್ಲೇ ಹತ್ತಿ. ಮೇಲಿಂದ ಕಾಣುವುದನ್ನು ಹೇಳಲಾರೆ, ನೀವೇ ನೋಡಿ.'

ಪ್ರತಿ ಮೆಟ್ಟಿಲಿಗೂ ಆ ಕುಂಟುಗಾಲನ್ನು ನೆನೆದು ಬರೆದೆ. ನೂರನೇ ಮೆಟ್ಟಿಲಿನಲ್ಲಿ ಅವನು ಮುಖ ಕಿವುಚುತ್ತಾನೆ. ಇನ್ನೂರರಲ್ಲಿ ರೇಗುತ್ತಾನೆ. ಮುನ್ನೂರರಲ್ಲಿ ಇಬ್ಬರಿಗೂ ಮಾತು ನಿಂತಿರುತ್ತದೆ. ಸ್ವಂತ ಮದುವೆಯನ್ನು ಕುದುರಿಸಿಕೊಂಡವರು ಬೇಕಾದಷ್ಟು ಜನ; ಬೇರೆಯವರದನ್ನು ಒಂದು ಹಾಳೆಯಲ್ಲಿ ಮುರಿದವನು ನಾನೊಬ್ಬನೇ ಎಂದು ಹೆಮ್ಮೆಪಟ್ಟೆ.

ಮರುದಿನ ಅವಳು ನಿಂತಲ್ಲೇ ಓದಿದಳು. ಓದುತ್ತ ತುಟಿ ಅಲುಗುತ್ತಿತ್ತು. ಹಾಳೆಯ ಮೇಲಿಂದ ಒಮ್ಮೆ ನನ್ನನ್ನು ನೋಡಿದಳು. ಆ ನೋಟಕ್ಕೆ ನಾನು ಕರಗಬೇಕಿತ್ತು.

"ಎಷ್ಟು ಚೆನ್ನಾಗಿ ಬರ್ದಿದೀರಿ. ಆದ್ರೆ ನಡಿಗೆ ಸ್ವಲ್ಪ ಕಡಿಮೆ ಮಾಡೋಕಾಗಲ್ವಾ? ಜೊತೇಲಿ ಬರೋರಿಗೆ ಕಾಲು ಅಷ್ಟು..."

ಅಲ್ಲಿಗೆ ನನ್ನ ಅನುಮಾನ ಪೂರ್ತಿ ಗಟ್ಟಿಯಾಯಿತು.

"ನಡೆಯೋಕಾಗದೇ ಇರೋರು ರಾಜಧಾನಿ ನೋಡೋಕೆ ಯಾಕೆ ಹೋಗ್ಬೇಕು?" ಎಂದೆ. "ಮನೇಲಿ ಕೂತು ಗೋಡೆ ನೋಡಲಿ."

ಅವಳ ಮುಖ ಒಂದು ಕ್ಷಣ ಬಾಡಿತು. "ಗೋಪುರಕ್ಕೆ ಲಿಫ್ಟ್ ಇಲ್ವಾ?"

"ಲಿಫ್ಟಾ? ಏಳು ವರ್ಷ ಇದ್ದೋನು ನಾನು. ಲಿಫ್ಟ್ ಇದ್ದಿದ್ರೆ ನಾನೇ ಹಾಕಿಸಿರ್ತಿದ್ದೆ."

ಅವಳು ನಕ್ಕಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಫಿಲ್ಮ್ ಇಡುವಷ್ಟು ಜೋಪಾನವಾಗಿ ಬ್ಯಾಗಿನಲ್ಲಿಟ್ಟುಕೊಂಡಳು.

ಆ ಮೂರು ದಿನ ನಾನು ಸೀಟಿ ಹಾಕುತ್ತ ಕೆಲಸ ಮಾಡಿದೆ. ಈಗ ಬಾಗಿಲ ಮುಂದೆ ನಿಂತಿರುತ್ತಾರೆ, ಈಗ ಮೆಟ್ಟಿಲು, ಈಗ ಜಗಳ ಎಂದು ಗಡಿಯಾರ ನೋಡಿ ನೋಡಿ ಸವಿದೆ.

ಗುರುವಾರ ಬೆಳಗ್ಗೆ ಪೇಪರ್ ಕಂಪನಿಯವನು ಬಂದ. ಉಗುರಿನ ಸಂದಿಯಲ್ಲಿ ಬಿಳಿ ಬಣ್ಣ.

"ಏನ್ ಸಾರ್, ರಜಾ ಹೇಗಿತ್ತು?" ಎಂದು ಕೇಳಿದೆ. "ಕಾಲು ನೋವಾ?"

"ಕಾಲಲ್ಲ ಗುರುವೇ, ಸೊಂಟ. ಮೂರು ದಿನ ಮನೆಗೆ ಬಣ್ಣ ಹೊಡೆದೆ. ಕೂಲಿಯವರು ಕೈಕೊಟ್ರು."

"ಎಲ್ಲಿಗೂ ಹೋಗಲಿಲ್ವಾ?"

"ಏಣಿ ಮೇಲೆ ಹೋಗಿದ್ದೆ" ಎಂದು ನಕ್ಕ.

ನನ್ನ ಕೈಯಲ್ಲಿದ್ದ ಹಾಳೆಯ ಕಟ್ಟು ಜಾರಿ ನೆಲದ ತುಂಬ ಹರಡಿತು. ಅದನ್ನು ಆರಿಸುತ್ತ ಕುಕ್ಕರಗಾಲಲ್ಲಿ ಕೂತಿದ್ದಾಗ ಕಣ್ಣಮುಂದೆ ಅವಳ ಚಪ್ಪಲಿ ಬಂದು ನಿಂತವು.

"ಇನ್ನೊಬ್ಬರು ಯಾರು ಅಂತ ಕೇಳಿದ್ರಲ್ಲ" ಎಂದಳು. "ನಮ್ಮಮ್ಮ."

ನಾನು ಏಳಲಿಲ್ಲ.

"ಎರಡು ಮಂಡಿಯೂ ಸವೆದಿದೆ ಅವಳಿಗೆ. ಹೆಚ್ಚು ಅಂದ್ರೆ ಈ ವರ್ಷ ಓಡಾಡ್ತಾರೆ, ಎಲ್ಲಾದ್ರೂ ಹೋಗೋದಿದ್ರೆ ಹೋಗಿಬನ್ನಿ ಅಂದಿದ್ರು ಡಾಕ್ಟ್ರು. ಚಿಕ್ಕವಳಿದ್ದಾಗಿಂದ ಅವಳಿಗೆ ಅರಮನೆ ಒಳಗೆ ನೋಡೋ ಆಸೆ." ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. ಅದಕ್ಕೇ ಭಯವಾಯಿತು. "ನೀವು ಹೇಳಿದ ಹಾಗೇ ಎಡಕ್ಕೆ ತಿರುಗಿದ್ವಿ. ಅರ್ಧ ಗಂಟೆ ನಡೆದ್ವಿ. ನದಿ ಸಿಗಲಿಲ್ಲ, ಗೋದಾಮಿನ ಗೋಡೆ ಸಿಕ್ತು. ಫೋನ್ ತೆಗೆದು ನೋಡಿದ್ರೆ ನದಿ ಬಲಕ್ಕೆ, ಅರಮನೆ ಬಲಕ್ಕೆ. ಇಡೀ ಊರು ಕನ್ನಡಿಯೊಳಗೆ ನೋಡಿದ ಹಾಗೆ."

"ಅದು... ಈಚೆಗೆ ಬದಲಾಯಿಸಿರಬೇಕು" ಎಂದೆ.

"ನದೀನಾ?" ಅವಳ ತುಟಿಯ ಕೊನೆ ಸ್ವಲ್ಪವೇ ಎದ್ದು ಇಳಿಯಿತು. "ನಾನು ಕೆಲಸಕ್ಕೆ ಸೇರಿದ ವಾರ ಚಿತ್ರನಕ್ಷೆಯ ಫಿಲ್ಮ್ ಮಗುಚಿ ಹಾಕಿ ಪ್ಲೇಟ್ ಮಾಡಿಬಿಟ್ಟಿದ್ದೆ. ಎರಡು ಸಾವಿರ ಹಾಳೆ ಎಡ ಬಲ ಆಗಿ ಅಚ್ಚಾಯ್ತು. ಅಕ್ಷರ ಇರಲಿಲ್ಲ ನೋಡಿ, ಯಾರಿಗೂ ತಕ್ಷಣ ಗೊತ್ತಾಗಲಿಲ್ಲ. ಎಲ್ಲಾ ನಿಮ್ಮ ಮಷೀನಿಗೆ ಬಂತು. ಅದನ್ನ ನೋಡಿ ಕಲ್ತಿದ್ದು ನೀವು. ಆ ಊರಿಗೆ ನೀವು ಕಾಲೇ ಇಟ್ಟಿಲ್ಲ."

ನನ್ನ ಏಳು ವರ್ಷ, ನನ್ನ ಸೇತುವೆ, ನನ್ನ ರಾಣಿ, ಎಲ್ಲ ನೆಲದ ಮೇಲಿನ ಹಾಳೆಗಳ ಜೊತೆ ಬಿದ್ದಿದ್ದವು.

"ನಾನು ರಸ್ತೆ ಮಧ್ಯೆ ನಿಂತು ನಕ್ಕೆ, ಗೊತ್ತಾ?" ಎಂದಳು. "ಅಮ್ಮ ಹೆದರಿಬಿಟ್ಲು. ನಾನು ಮಾಡಿದ ತಪ್ಪನ್ನ ಒಬ್ಬ ಮನುಷ್ಯ ಇಷ್ಟು ವರ್ಷ ಬಾಯಿಪಾಠ ಮಾಡಿದಾನಲ್ಲ ಅಂತ. ನಿಮ್ಮ ಸುಳ್ಳನ್ನ ಅಲ್ಲೇ, ಆ ಗೋಡೆ ಹತ್ರಾನೇ ಕ್ಷಮಿಸಿಬಿಟ್ಟಿದ್ದೆ. ಬಂದು ನಿಮ್ಮನ್ನ ಗೋಳುಹುಯ್ಕೋಬೇಕು ಅಂತ ಮಾತು ಕೂಡಿಸ್ತಿದ್ದೆ. ಆಮೇಲೆ ಅರಮನೆ ಬಾಗಿಲಿಗೆ ಹೋದ್ವಿ."

ಅವಳು ಗೋಡೆಯ ಬದಿಯ ರಾಶಿಯಿಂದ ಒಂದು ಕೈಪಿಡಿ ಎಳೆದು, ಹನ್ನೊಂದನೇ ಪುಟ ತೆರೆದು ನನ್ನ ಮುಂದೆ ಇಟ್ಟಳು.

"ಕತ್ತರಿಸೋನು ಓದ್ತಾನೇನ್ರೀ?" ಎಂದೆ.

"ನೀವು ಓದ್ತೀರಿ. ಈ ಪ್ರೆಸ್ಸಲ್ಲಿ ಪುಸ್ತಕ ಓದಿ ಆಮೇಲೆ ಕತ್ತರಿಸೋರು ನೀವೊಬ್ಬರೇ. ಅದಕ್ಕೇ ನಂಗೆ..." ಕೈಪಿಡಿಯನ್ನು ಮುಚ್ಚಿದಳು. "ಸಾಯಂಕಾಲ ಮನೆಗೆ ಬನ್ನಿ. ಅಮ್ಮ ನಿಮ್ಮನ್ನ ನೋಡಬೇಕಂತೆ. ಅವಳಿಗೆ ನಾನೇನೂ ಹೇಳಿಲ್ಲ."

ಹೋದೆ. ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಅಮ್ಮ ಕಿಟಕಿಯ ಬಳಿ ಕೂತಿದ್ದರು. ಮಂಡಿಗಳು ಬಾತು ಹೊಳೆಯುತ್ತಿದ್ದವು. ಪಕ್ಕದ ಸ್ಟೂಲಿನ ಮೇಲೆ ನನ್ನ ಹಾಳೆ. ಮುಗಿದ ಸಾಲುಗಳಿಗೆ ಪೆನ್ಸಿಲಿನಲ್ಲಿ ಸರಿ ಗುರುತು ಹಾಕಿದ್ದರು. ಗೋಪುರದ ಮುಂದೆ 'ಅರ್ಧ' ಎಂದು ಬರೆದಿತ್ತು.

"ಬಾಪ್ಪ, ಕೂತ್ಕೋ. ಬೇಜಾರು ಮಾಡ್ಕೋಬೇಡ" ಎಂದರು. "ಅಷ್ಟು ಅಕ್ಕರೆಯಿಂದ ಬರ್ಕೊಟ್ಟಿದ್ದೆ, ನಾನೇ ಪೂರ್ತಿ ಮಾಡೋಕಾಗಲಿಲ್ಲ. ನೂರೆಂಬತ್ತು ಮೆಟ್ಟಿಲು ಹತ್ತಿದೆ ನೋಡು. ಆಮೇಲೆ ಕಾಲು ಕೇಳಲಿಲ್ಲ. ಮಿಕ್ಕ ಎರಡು ದಿನ ರೂಮಲ್ಲೇ ಮಲಗಿದ್ದಾಯ್ತು. ಇವಳು ಆಟೋ ಆಟೋ ಅಂತಿದ್ಲು, ಮೆಟ್ಟಿಲೂ ಬೇಡ ಅಂದ್ಲು. ನಾನೇ ಕೇಳಲಿಲ್ಲ. ಆ ಹುಡುಗ ನಡೆದೇ ನೋಡ್ಬೇಕು, ಮೆಟ್ಟಿಲಲ್ಲೇ ಹತ್ಬೇಕು ಅಂತ ಬರ್ದಿದಾನೆ ಅಂದ್ರೆ ಏನೋ ಇರ್ಬೇಕು, ನೀನು ಮೆಚ್ಚಿದ ಹುಡುಗ ಅಲ್ವೇನೇ ಅಂದೆ."

ಮಗಳು ಗೋಡೆಯ ಕಡೆ ತಿರುಗಿ ನಿಂತಿದ್ದಳು.

"ಅರಮನೆ ಮಾತ್ರ ನಮ್ಮ ಅದೃಷ್ಟಕ್ಕೆ ಮುಚ್ಚಿತ್ತು. ಹೊರಗಿನ ಕಲ್ಲಿನ ಮೇಲೆ ಕೂತು ಬಾಗಿಲು ನೋಡ್ಕೊಂಡು ಬಂದೆ. ಇನ್ನೊಂದು ಸಲ ಹೋಗೋ ಕಾಲಲ್ಲ ಇದು." ಅವರು ಬೆನ್ನು ಒರಗಿಸಿ ಕಣ್ಣು ಮುಚ್ಚಿದರು. "ನೀನು ಏಳು ವರ್ಷ ಇದ್ದೋನಂತೆ. ಒಳಗೆ ಹೇಗಿದೆ, ನಿಧಾನಕ್ಕೆ ಹೇಳು. ನಾನು ನೋಡ್ಕೋತೀನಿ."

ಬಾಯಿ ತೆರೆದೆ. ಎಲ್ಲ ಸಿದ್ಧವಿತ್ತು: ಆನೆ ಗಾತ್ರದ ದೀಪಗಳು, ಕಾಲು ಮುಳುಗುವ ರತ್ನಗಂಬಳಿ, ನನ್ನ ಹೆಸರು ಹಿಡಿದು ಕರೆಯುವ ಗಿಳಿ. ಒಂದು ಗಂಟೆ ಹೇಳಬಲ್ಲೆ. ಅವರ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗಳು ಆಗಲೇ ಅತ್ತಿತ್ತ ಹುಡುಕುತ್ತಿದ್ದವು.

"ನಾನು ಆ ಊರಿಗೆ ಹೋಗೇ ಇಲ್ಲಮ್ಮ" ಎಂದೆ.

ಕಣ್ಣು ತೆರೆಯಲಿಲ್ಲ. ಹುಡುಕುವುದು ಮಾತ್ರ ನಿಂತಿತು.

"ಸೋಮವಾರ ಬಾಗಿಲು ಹಾಕಿರುತ್ತೆ ಅಂತ ಗೊತ್ತಿತ್ತು. ಲಿಫ್ಟ್ ಇದೆ ಅಂತಲೂ ಗೊತ್ತಿತ್ತು. ನೀವು ಅಂತ ಗೊತ್ತಿರಲಿಲ್ಲ. ಪ್ರೆಸ್ಸಿಗೆ ಬರೋ ಪೇಪರಿನವನ ಜೊತೆ ಇವರು ಹೋಗ್ತಿದಾರೆ ಅಂದ್ಕೊಂಡೆ. ಅವನಿಗೆ ಒಂದು ಕಾಲು ಕುಂಟು. ಇವರನ್ನ ಮೂರು ವರ್ಷದಿಂದ ಪ್ರೀತಿಸ್ತಿದೀನಿ, ಹೇಳೋ ಧೈರ್ಯ ಇರಲಿಲ್ಲ, ಅದಕ್ಕೆ..."

ಅಮ್ಮ ಕಣ್ಣು ತೆರೆದು ಮಗಳ ಕಡೆ ತಿರುಗಿದರು. "ನೀನು ಹೇಳಿದ್ದು ಇವನೇನೇ?"

"ಇವರೇ ಆಗಿದ್ರು" ಎಂದಳು. ಬಗ್ಗಿ, ಟಬ್ಬಿನಿಂದ ಅಮ್ಮನ ಒಂದು ಪಾದ ಎತ್ತಿ ಮಡಿಲಲ್ಲಿಟ್ಟುಕೊಂಡು ಒರೆಸತೊಡಗಿದಳು. ಬೆರಳ ಸಂದಿ, ಹಿಮ್ಮಡಿ, ಒಂದನ್ನೂ ಬಿಡದೆ. ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ.

ಅಮ್ಮ ನನ್ನ ಕಡೆ ತಿರುಗಿದರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಬದುಕುತ್ತಿದ್ದೆ.

"ಅಲ್ಲಪ್ಪಾ" ಎಂದರು ಮೆಲ್ಲಗೆ, "ಆ ಪೇಪರಿನ ಹುಡುಗನೇ ಹತ್ತಿದ್ರೂ, ಅವನ ಕಾಲು ನೋಯ್ತಿರಲಿಲ್ವಾ?"

"ನೋಯ್ತಿತ್ತಮ್ಮ" ಎಂದೆ. "ನೋಯಲಿ ಅಂತಲೇ ಬರೆದೆ."