ಗುಡ್ಡದ ಕೆರೆಯ ಮೀನು, ಮಡಿ ಮನೆಯ ಅಳಿಯ

ಹಣೆಯ ಮೇಲೆ ಅಂಗಾರ, ಅಕ್ಷತೆ. ಹೆಗಲ ಮೇಲೆ ಜನಿವಾರ. ಕೈಯಲ್ಲಿ ಹೊಟ್ಟೆ ಸೀಳಿದ ಮೀನು!

ವಿಜಯಾಬಾಯಿಯ ಕೈಯಿಂದ ತಂಬಿಗೆ ಜಾರಿ ಬಂಡೆಯ ಮೇಲೆ ಠಣ್ಣೆಂದು ಬಿತ್ತು.

ನಾರ್ವ ಊರಿನ ಆಚೆ ಒಂದು ಗುಡ್ಡದ ನೆತ್ತಿಯಲ್ಲಿ ಪ್ರಾಣದೇವರ ಗುಡಿ, ಗುಡಿಯ ಹಿಂದೆ ಒಂದು ಕೆರೆ. ಸೋದರತ್ತೆ ಲಕ್ಷ್ಮೀಬಾಯಿ ಗುಡಿಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರು. ವಿಜಯಾ ನೀರು ತರಲು ಬಂದಿದ್ದಳು. ದಂಡೆಯಲ್ಲಿ ಕುಳಿತವನು ಯಾರೋ ಅಪರಿಚಿತನಾಗಿದ್ದರೆ ಮೂಗು ಮುಚ್ಚಿಕೊಂಡು ಹಿಂದಿರುಗುತ್ತಿದ್ದಳು. ಆದರೆ ಅವನು ವಾದಿರಾಜ. ರಾಯಚೂರಿನ ಆಚಾರ್ಯರ ಮನೆತನದವನು. ಮೊನ್ನೆಯಷ್ಟೇ ಮಕ್ತಲಿನ ಅವಳ ಮನೆಗೆ ಬಂದು, ಅವಳು ಕೊಟ್ಟ ಅವಲಕ್ಕಿ ತಿಂದು, ಹೆಣ್ಣು ಒಪ್ಪಿಗೆಯೆಂದು ಹೇಳಿ ಹೋದವನು.

ಒಪ್ಪಿದ್ದು ಅವನೊಬ್ಬನೇ ಅಲ್ಲ. ಬಾಗಿಲ ಸಂದಿನಿಂದ ನೋಡಿ ಅವಳೂ ಒಪ್ಪಿದ್ದಳು... ಅದು ನೆನಪಾಗಿ ಸಿಟ್ಟು ನೆತ್ತಿಗೇರಿತು.

“ದಫ್ತರದಾಗ ಸರ್ಕಾರಿ ನೌಕರಿ ಅಂದಿದ್ರಿ. ಇದೇನ್ರಿ ನಿಮ್ಮ ದಫ್ತರ?”

ವಾದಿರಾಜ ಎದ್ದು ನಿಂತ. ಕೈಗಳನ್ನು ಎಲ್ಲಿ ಅಡಗಿಸಬೇಕೋ ತಿಳಿಯಲಿಲ್ಲ.

“ನಿಮ್ಮ ತಂದೆಯವರು ಗೋತ್ರ ಕೇಳಿದ್ರು, ಪಗಾರ ಕೇಳಿದ್ರು. ಮಾಡೋ ಕೆಲಸ ಏನಂತ ಕೇಳಲಿಲ್ಲ.”

“ಕೇಳಲಿಲ್ಲಂದ್ರ ಹೇಳಬಾರದೇನು?”

“ಹೇಳಿದ್ರ ಹೆಣ್ಣು ಕೊಡತಿದ್ರೇನ್ರಿ?”

ವಿಜಯಾ ತಂಬಿಗೆ ಎತ್ತಿಕೊಂಡು ದುಡುದುಡು ನಡೆದಳು.

“ಬೈಯೋದಿದ್ರ ಬೈರಿ,” ಹಿಂದಿನಿಂದ ಅವನ ದನಿ ಬಂತು. “ಆದ್ರ ಇದರಾಗ ಒಮ್ಮೆ ನೋಡಿ ಆಮ್ಯಾಲೆ ಬೈರಿ.”

ಬಂಡೆಯ ಮೇಲೆ ಹಿತ್ತಾಳೆಯ ಒಂದು ಯಂತ್ರವಿತ್ತು. ಸೂಕ್ಷ್ಮದರ್ಶಕ. ಅವನು ಅದರ ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿ ದೂರ ಸರಿದು ನಿಂತ.

ನೋಡಬಾರದೆಂದುಕೊಂಡಳು. ತಿರುಗಿ ಬಂದು ನೋಡಿದಳು.

ಬೆಳಕಿನ ಬಟ್ಟಲಲ್ಲಿ ಸಣ್ಣ ಸಣ್ಣ ಕಡ್ಡಿಗಳಂಥವು ನಡುಗುತ್ತಿದ್ದವು, ಓಡುತ್ತಿದ್ದವು, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಅವಳು ಇನ್ನಷ್ಟು ಬಾಗಿದಳು.

“ಮೀನಿನ ಕರುಳಿನಾಗ ಇರೋ ಕ್ರಿಮಿ ಇವು. ಬರಿಗಣ್ಣಿಗೆ ಕಾಣಂಗಿಲ್ಲ. ಹೊಟ್ಟ್ಯಾಗ ಇಷ್ಟೆಲ್ಲಾ ಇದ್ರೂ ಮೀನು ಆರಾಮ ಇರತದ.”

ವಿಜಯಾ ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿ ಇತ್ತು.

“ಹಂಗಾದ್ರ ನನ್ನ ತಮ್ಮನ್ನ ಕೊಂದದ್ದು ಯಾವುದು?”

ರಜಾಕಾರರ ಹಾವಳಿಯಲ್ಲಿ ಅವಳ ಮನೆಯವರು ಮಕ್ತಲು ಬಿಟ್ಟು, ತುಂಗಭದ್ರೆ ದಾಟಿ ಮಂತ್ರಾಲಯದ ಕಡೆಗೆ ಓಡಿಹೋಗಿದ್ದರು. ಹೊಳೆಯ ಆಚೆ ದಂಡೆಯಲ್ಲಿ ಓಡಿಬಂದವರ ಗುಡಿಸಲುಗಳು ತುಂಬಿದ್ದವು. ಅಲ್ಲಿ ವಾಂತಿಭೇದಿ ಬಂತು. ತಮ್ಮ ಪ್ರಹ್ಲಾದ ಹೋದ. ಪೊಲೀಸ್ ಆಕ್ಷನ್ ಆಗಿ, ನಿಜಾಮನ ಆಡಳಿತ ಮುಗಿದು ಊರಿಗೆ ಮರಳಿದಾಗ ತಂದೆ ಸುಧೀಂದ್ರರಾಯರಿಗೆ ತಹಸೀಲು ಕಚೇರಿಯ ಪೇಶ್ಕಾರಿಕೆಯ ನೌಕರಿ ಮತ್ತೆ ಸಿಕ್ಕಿತು. ಮಗ ಸಿಗಲಿಲ್ಲ.

“ಹೊಳಿ ನೀರು ತಂದು ಅವಗ ಕುಡಿಸಿದಾಕಿ ನಾನು,” ಎಂದಳು. “ಅದರಾಗ ಏನಿತ್ತು? ಯಾರನ್ನ ಕೇಳಿದ್ರೂ ಹಣೆಬರಹ ಅಂತಾರ.”

ಈ ಮಾತನ್ನು ಅವಳು ಹೆತ್ತ ತಂದೆಗೂ ಹೇಳಿರಲಿಲ್ಲ. ಈ ಸುಳ್ಳುಗಾರನ ಮುಂದೆ ಯಾಕೆ ಬಾಯಿಬಿಟ್ಟೆನೋ ಎಂದು ತನ್ನ ಮೇಲೆಯೇ ರೇಗಿಕೊಂಡಳು.

ವಾದಿರಾಜ ಕೆರೆಯ ಕಡೆ ಕೈ ತೋರಿಸಿದ.

“ಅದನ್ನ ತಿಳೀಲಿಕ್ಕೇ ಸರ್ಕಾರದವರು ನನ್ನ ಇಲ್ಲಿಗೆ ಕಳಿಸ್ಯಾರ್ರಿ. ಈ ಗುಡ್ಡದ ಕೆರಿಗೆ ಊರಿನ ಹೊಲಸು ಸೇರಂಗಿಲ್ಲ. ಇಲ್ಲಿ ಮೀನಿನಾಗ ಹುಟ್ಟಿನಿಂದ ಏನಿರತದ ಅಂತ ಮೊದಲು ಗೊತ್ತಾಗಬೇಕು. ಆಮ್ಯಾಲೆ ಊರ ಕೆರಿ ಮೀನು, ಹೊಳಿ ಮೀನು ನೋಡಿದ್ರ, ಮನುಷ್ಯಾರಿಂದ ನೀರಿಗೆ ಬಂದು ಸೇರಿದ್ದು ಯಾವುದು ಅಂತ ಹೇಳಬಹುದು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಇದನ್ನ ನಿಶ್ಚಯದ ದಿನಕ್ಕ ಮೊದಲ ಅಪ್ಪಗ ನೀವು ಹೇಳಬೇಕು. ನಾ ಹೇಳಂಗಿಲ್ಲ.”

“ಹೇಳತೀನಿ.”

ಹೇಳಲಿಲ್ಲ!

ನಿಶ್ಚಯದ ದಿನ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕುಳಿತಿದ್ದರು. ವಿಜಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಹೇಳಿದಿರಾ? ಅವಳ ಕಣ್ಣು ಕೇಳಿತು. ಅವನು ಕಣ್ಣು ತಗ್ಗಿಸಿದ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಹೇಡಿ... ಇಂಥವನ ಹೆಸರು ಹೇಳಿಕೊಂಡು ನಾನು ಬಾಳಬೇಕೆ?

ಅಷ್ಟರಲ್ಲಿ ಅಂಗಳದಲ್ಲಿ ಯಾರೋ ಕೂಗಿದರು.

“ಮೀನಿನ ಸಾಹೇಬ್ರು ಇಲ್ಲೇ ಅದಾರಂತಲ್ರಿ?”

ಬೆಸ್ತರ ಮೊಗುಲಪ್ಪ! ಗುಡ್ಡದ ಕೆರೆಗೆ ಬಲೆ ಹಾಕುವವನು. ತಲೆಯ ಮೇಲೆ ನೀರು ತುಳುಕುವ ಗಡಿಗೆ. ಪಾಪ, ಅವನಿಗೇನು ಗೊತ್ತು. ನಗುತ್ತಾ ಗಡಿಗೆಯನ್ನು ತುಳಸಿಕಟ್ಟೆಯ ಪಕ್ಕಕ್ಕೇ ಇಳಿಸಿದ.

“ಜಲ್ದಿ ಬರ್ರಿ ಸಾಬ್, ಇನ್ನಾ ಜೀವ ಐತಿ. ಸತ್ತ ಮೀನು ಕೊಯ್ಯಾಕ ಬರಂಗಿಲ್ಲ ಅಂತ ನೀವ ಹೇಳಿದ್ರಿ.”

ಪಡಸಾಲೆಯಲ್ಲಿ ಕೋಲಾಹಲವೆದ್ದಿತು. ಲಕ್ಷ್ಮೀಬಾಯಿ ಸೆರಗನ್ನು ಮೂಗಿಗೊತ್ತಿಕೊಂಡು ಒಳಗೆ ಓಡಿದರು. ಸುಧೀಂದ್ರರಾಯರ ಮುಖ ಕೆಂಪೇರಿತು.

“ನಿಮ್ಮ ಹೊಟ್ಟಿಪಾಡಿಗೆ ಮೀನು ಕೊಯ್ಯೋದೇ ಆಗಬೇಕಿತ್ತೇನ್ರಿ? ಇದನ್ನ ಮುಚ್ಚಿಟ್ಟು ನನ್ನ ಮನಿ ಹೊಸಲು ದಾಟಿದ್ರಿ?”

ವಾದಿರಾಜ ತಲೆ ತಗ್ಗಿಸಿದ. ರಾಯರು ಒಂದಷ್ಟು ಕೂಗಾಡಿ ಕೊನೆಗೆ ದನಿ ಇಳಿಸಿದರು. ಅವರಿಗೂ ಹುಡುಗ ಹಿಡಿಸಿದ್ದ.

“ಆದದ್ದು ಆತು. ಪಂಚಗವ್ಯ ತಗೊಳ್ರಿ. ಇವತ್ತಿಗೆ ಈ ಕೆಲಸ ಬಿಟ್ಟೆ ಅಂತ ಎಲ್ಲಾರ ಮುಂದ ಹೇಳ್ರಿ. ತಹಸೀಲಿನಾಗ ಈಗ ಎಷ್ಟೋ ಜಾಗಾ ಖಾಲಿ ಅವ, ಒಂದು ನಾ ಕೊಡಸ್ತೀನಿ.”

ಅವನು ಬಾಗಿಲ ಕಡೆ ನೋಡಿದ. ಅವಳನ್ನು ನೋಡಿದ.

“ಆಗಲ್ರಿ. ಬಿಡತೀನಿ.”

ಹಿರಿಯರು ನೆಮ್ಮದಿಯ ಉಸಿರು ಬಿಟ್ಟರು. ಯಾರೋ ಪಂಚಗವ್ಯದ ಬಟ್ಟಲು ತಂದಿಟ್ಟರು. ವಿಜಯಾ ಮಾತ್ರ ಹೊಸ್ತಿಲು ದಾಟಿ ಗಂಡಸರ ನಡುವೆ ಬಂದು ನಿಂತಳು. ಆ ಮನೆಯಲ್ಲಿ ಯಾವ ಹೆಣ್ಣೂ ಹಾಗೆ ಬಂದದ್ದಿಲ್ಲ.

“ಅಪ್ಪಾ, ಈ ಲಗ್ನ ನನಗ ಬ್ಯಾಡ.”

“ಬಿಡತೀನಿ ಅಂದ್ರಲ್ಲವ್ವಾ...”

“ಅದಕ್ಕೇ ಬ್ಯಾಡ. ಮೀನು ಕೊಯ್ಯೋದು ನನಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ಒಪ್ಪಿದ್ದೆ.” ಅವಳು ವಾದಿರಾಜನತ್ತ ತಿರುಗಿದಳು. “ಗುಡ್ಡದ ಮ್ಯಾಲೆ ನನಗ ಏನು ಹೇಳಿದ್ರಿ? ನನ್ನ ತಮ್ಮನ್ನ ಕೊಂದದ್ದು ಯಾವುದಂತ ಹುಡಕತೀನಿ ಅಂದ್ರಿ. ಒಂದು ಬಟ್ಟಲು ಪಂಚಗವ್ಯಕ್ಕ ಅದನ್ನ ಬಿಟ್ಟು ಬಿಡತೀರಿ? ನಾಳೆ ಯಾರರ ಕಣ್ಣು ಕೆಂಪ ಮಾಡಿದ್ರ ನನ್ನೂ ಹಿಂಗ ಬಿಡತೀರೇನು?”

“ವಿಜಯಾ, ಬಾಯಿ ಮುಚ್ಚು,” ರಾಯರು ಗದರಿದರು.

“ಇಷ್ಟ ದಿನ ಮುಚ್ಚಿಕೊಂಡೇ ಇದ್ದೆ. ಆ ನೀರು ಕುಡಿಸಿದಾಕಿ ನಾನಪ್ಪಾ. ಪ್ರಹ್ಲಾದನ್ನ ನೋಡ್ರಿ ಅಂತ ಅಲ್ಲಿ ಡಾಕ್ಟರ ಕಾಲು ಹಿಡಿದ್ರಲ್ಲ, ಅವರು ಅದಕ್ಕ ಮುಂಚೆ ಏನು ಕೊಯ್ದು ಕಲತು ಬಂದಾರ ಅಂತ ಕೇಳಿದ್ರೇನು?”

ಮಗನ ಹೆಸರು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ವಾದಿರಾಜ ನಿಧಾನವಾಗಿ ಎದ್ದ. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೈಮುಗಿದ.

“ತಪ್ಪಾತ್ರಿ. ಮುಚ್ಚಿಟ್ಟದ್ದೂ ತಪ್ಪು, ಈಗ ಬಿಡತೀನಿ ಅಂದದ್ದೂ ತಪ್ಪು. ನಾ ಮೀನು ಕೊಯ್ಯತೀನಿ. ನಾಳೆನೂ ಕೊಯ್ಯತೀನಿ. ನಿಮ್ಮ ಮಗಳನ್ನ ಕೊಡ್ರಿ ಅಂತ ಕೇಳೋ ಮಾರಿ ನನಗ ಉಳಿದಿಲ್ಲ.”

“ಏನಿತ್ತು ಆ ನೀರಿನಾಗ?” ರಾಯರು ಒಮ್ಮೆಲೇ ಕೇಳಿದರು. ಆ ದನಿ ಪೇಶ್ಕಾರರದಾಗಿರಲಿಲ್ಲ.

“ರೋಗದ ಕ್ರಿಮಿ ಇತ್ರಿ. ಅದು ನೀರಿನಾಗ ಹೆಂಗ ಉಳೀತದ, ಯಾವುದರ ಹೊಟ್ಟ್ಯಾಗ ಅಡಗಿರತದ, ನನಗಿನ್ನೂ ಗೊತ್ತಿಲ್ಲ. ಆದ್ರ ಕುಡಿಸಿದವರ ತಪ್ಪು ಅಲ್ಲ. ಇಷ್ಟು ಮಾತ್ರ ಗೊತ್ತು.”

ರಾಯರು ಮಗಳ ಮುಖ ನೋಡಿದರು. ಎದ್ದು ಒಳಗೆ ಹೋದರು.

ವಾದಿರಾಜ ಅಂಗಳಕ್ಕಿಳಿದು ಗಡಿಗೆಗೆ ಕೈ ಹಾಕಿದ. ವಿಜಯಾ ಹಿಂದೆಯೇ ಬಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಮೊದಲ ಯಾಕ ಹೇಳಲಿಲ್ಲ?”

“ಹೆದರಿದೆ. ನೀವು ಕೈ ತಪ್ಪತೀರಿ ಅಂತ.” ಅವನು ಗಡಿಗೆ ಬಿಟ್ಟು ಅವಳತ್ತ ತಿರುಗಿದ. “ನಿಮ್ಮನ್ನ ಅಷ್ಟು ಬಯಸೀನಿ ವಿಜಯಾ.”

ಅವಳು ಬೈಯಬೇಕೆಂದು ಬಾಯಿ ತೆರೆದಳು. ಅಳು ಬಂತು.

ಒಳಗಿನಿಂದ ಸುಧೀಂದ್ರರಾಯರ ದನಿ ಕೇಳಿಸಿತು. ಗಟ್ಟಿಯಾಗಿ, ಒರಟಾಗಿ.

“ವಿಜಯಾ, ಎಲಿ ಹಾಕ್ಯಾರ. ಅವರ ಕೆಲಸ ಮುಗಿದ ಮ್ಯಾಲೆ ಜಳಕ ಮಾಡಿ ಊಟಕ್ಕ ಬರಲಿಕ್ಕೆ ಹೇಳು.”

ಇಬ್ಬರೂ ನಿಂತಲ್ಲೇ ನಿಂತರು.

“ಕೇಳಿದ್ರೇನು?” ಅವಳು ಅಳುತ್ತಲೇ ಕೇಳಿದಳು.

“ಕೇಳಿದೆ. ಆದ್ರ ಹಿಂಗ ದಿನಾ ಎರಡ ಸಲ ಜಳಕ ಆಗಬೇಕಾಗತದ್ರಿ, ನನ್ನ ಕೆಲಸಕ್ಕ.”

“ಆಗಲಿ. ನೀರು ನಾ ಕಾಸತೀನಿ.” ಅವಳು ಮೂಗು ಒರೆಸಿಕೊಂಡಳು. “ಸುಳ್ಳು ಹೇಳಿದ ದಿನ ಮಾತ್ರ ತಣ್ಣೀರು.”