ಹದಿನಾಲ್ಕು ಕೊಡುವ ಜೀಪು

ಅಕ್ಷರಾಳಿಗೆ ಒಂದು ಸಣ್ಣ ಚಿಂತೆ ಇತ್ತು. ಎದುರಿಗಿದ್ದವರು ಏನು ಹೇಳಿದರೂ ಅವಳ ತಲೆ ತಾನಾಗಿಯೇ ಹೌದು ಹೌದೆಂದು ಆಡಿಬಿಡುತ್ತಿತ್ತು, ಮನಸ್ಸಿಗೆ ನಂಬಿಕೆ ಬಂದಿರಲಿ, ಬಿಡಲಿ. ಪೊಲೀಸ್ ಕೆಲಸಕ್ಕೆ ಸೇರಿ ಎಂಟು ತಿಂಗಳಾದರೂ ಚಾಳಿ ಹೋಗಿಲ್ಲ, ಹೀಗೇ ಆದರೆ ಒಂದು ದಿನ ಯಾರದೋ ಸುಳ್ಳಿಗೆ ನಾನೇ ಸಾಕ್ಷಿಯಾಗಿ ನಿಂತಿರುತ್ತೇನೆ ಎಂದು ಭಾನುವಾರ ಡೈರಿಯಲ್ಲಿ ಬರೆದುಕೊಂಡು ಮಲಗಿದ್ದಳು.

ಮರುದಿನ, ಡಿಸೆಂಬರ್ 8, ಸೋಮವಾರ, ಬೆಳಿಗ್ಗೆ 9.40ಕ್ಕೆ ಮರಾಠಿ ಸೀಮೆಯ ಕಾಮಠಿಯ ಠಾಣೆಗೆ ದೂರುದಾರರೊಬ್ಬರು ಬಂದರು. ಹೆಸರು ಬೋಪಣ್ಣ, ನಿವೃತ್ತ ಸುಬೇದಾರ್ ಮೇಜರ್, ಊರು ಕೊಡಗು, ನೌಕರಿಯ ಕೊನೆಯ ವರ್ಷಗಳಲ್ಲಿ ಇಲ್ಲಿಗೆ ಬಂದು ಇಲ್ಲೇ ಮನೆ ಮಾಡಿದವರು. ಇನ್ಸ್‌ಪೆಕ್ಟರ್ ಚಾರುಲತಾ ಬೋರ್ಕರ್ ಅವರ ಮುಂದೆ ಮಿಲಿಟರಿ ಹಿಂದಿಯಲ್ಲಿ ಶುರುಮಾಡಿದರು. ಸಿಟ್ಟು ಏರಿದಂತೆ ಹಿಂದಿ ಕೈಕೊಟ್ಟು ಕನ್ನಡ ಬಂತು. ಠಾಣೆಯಲ್ಲಿ ಕನ್ನಡ ಬಲ್ಲವಳು ಅಕ್ಷರಾ ಒಬ್ಬಳೇ. ಅವಳ ತಂದೆ ಧಾರವಾಡ ಕಡೆಯಿಂದ ವರ್ಗವಾಗಿ ಬಂದ ಕಾರ್ಖಾನೆ ನೌಕರ. ಮೇಡಂ ಕರೆದರು, ಬಂದು ನಿಂತಳು.

"ನನ್ನ ಜೀಪಿನ ಡೀಸೆಲ್ ಕಳುವಾಗ್ತಾ ಇದೆ," ಎಂದರು ಬೋಪಣ್ಣ. "ಒಂದು ತಿಂಗಳಿಂದ."

"ಹೇಗೆ ಗೊತ್ತಾಯಿತು?" ಮೇಡಂ ಮರಾಠಿಯಲ್ಲಿ ಕೇಳಿದರು, ಅಕ್ಷರಾ ಕನ್ನಡಕ್ಕೆ ತಿರುಗಿಸಿದಳು.

"ಭಾನುವಾರ ಸಂಜೆ ಟ್ಯಾಂಕಿಗೆ ಬಿದಿರು ಕಡ್ಡಿ ಇಳಿಸಿ ನೋಡ್ತೇನೆ. ಮುಂದಿನ ಭಾನುವಾರ ಬೆಳಿಗ್ಗೆ ನೋಡಿದ್ರೆ ಒಂದು ಬೆರಳು ಕಡಿಮೆ. ಮಧ್ಯದಲ್ಲಿ ಗಾಡಿ ಮುಟ್ಟೋದೇ ಇಲ್ಲ ನಾನು."

"ಕಡ್ಡಿ ಯಾಕೆ? ಡೀಸೆಲ್ ತೋರಿಸುವ ಮುಳ್ಳು ಇಲ್ಲವೇ?"

"ಮುಳ್ಳು ಕೆಟ್ಟಿದೆ."

"ಕಿಲೋಮೀಟರ್ ತೋರಿಸುವ ಮೀಟರು?"

"ಅದೂ ಕೆಟ್ಟಿದೆ. ಮೂವತ್ತು ವರ್ಷದ ಗಾಡಿ, ಸೇನೆಯ ಹರಾಜಲ್ಲಿ ತಗೊಂಡದ್ದು. ಆದ್ರೆ ಆವರೇಜ್ ನೋಡಿ, ಇವತ್ತಿಗೂ ಲೀಟರಿಗೆ ಹದಿನಾಲ್ಕು ಕೊಡುತ್ತೆ!"

ಹೆಡ್ ಕಾನ್‌ಸ್ಟೇಬಲ್ ಮೇಶ್ರಾಮ್ ಕೆಮ್ಮಿದ. ಮೀಟರೇ ಇಲ್ಲದ ಗಾಡಿಯ ಆವರೇಜ್ ಇವರಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಅಕ್ಷರಾಳ ಗಂಟಲವರೆಗೆ ಬಂತು. ಅಷ್ಟರಲ್ಲಿ ತಲೆ ಆಡಿಬಿಟ್ಟಿತ್ತು.

"ನೋಡಿ, ಈ ಮಗಳಿಗೆ ಅರ್ಥ ಆಯ್ತು," ಎಂದರು ಬೋಪಣ್ಣ, ಸಮಾಧಾನಗೊಂಡು. ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ 12.15ಕ್ಕೆ ಸ್ಥಳ ಪಂಚನಾಮೆ. ಮನೆಯ ಪಕ್ಕ ತಗಡಿನ ಶೆಡ್ಡು, ಒಳಗೆ ಹಸಿರು ಬಣ್ಣದ ಎತ್ತರದ ಜೀಪು. ಟ್ಯಾಂಕಿನ ಮುಚ್ಚಳದ ಬೀಗ ಭದ್ರ. ನೆಲದ ಮೇಲೆ ಡೀಸೆಲ್ ಚೆಲ್ಲಿದ ಕಲೆ ಇಲ್ಲ. ಪೈಪಿನಿಂದ ಎಳೆದ ಗುರುತಿಲ್ಲ. ಗಾಡಿಯ ಬೀಗದ ಕೈಗೊಂಚಲು ಶೆಡ್ಡಿನ ಮೊಳೆಗೆ ನೇತಾಡುತ್ತಿತ್ತು, ಅದು ಅಲ್ಲಿರುವುದು ಬೀದಿಗೆಲ್ಲ ಗೊತ್ತು. ಬೋಪಣ್ಣನವರ ಹೆಂಡತಿ ನೀಲಾ ಪಂಚರಿಗೆ ಸಂತ್ರೆ ಹಣ್ಣು ಸುಲಿದು ಕೊಡುತ್ತ, "ಕಳ್ಳ ಯಾರೋ ಒಳ್ಳೆಯವನು. ಮೊನ್ನೆ ಗಾಜು ಒರೆಸಿ ಇಟ್ಟಿದ್ದ," ಎಂದರು.

"ನೀನು ಸುಮ್ಮನಿರು," ಎಂದರು ಗಂಡ.

ಮೇಶ್ರಾಮ್ ಮುಂದಿನ ಚಕ್ರದ ಬಳಿ ಕುಕ್ಕರುಗಾಲಲ್ಲಿ ಕುಳಿತ. ಟೈರಿನ ಸಂದಿಯಲ್ಲಿ ಕಪ್ಪು ಎರೆಮಣ್ಣು ಇನ್ನೂ ಹಸಿಯಾಗಿತ್ತು. ಚಕ್ರದ ನಡುವೆ ಕೈಯಿಂದ ತಿರುಗಿಸುವ ಒಂದು ಬಿಲ್ಲೆ, ಅದರ ಮೇಲೆ ಎರಡು ಗುರುತು, ಫ್ರೀ ಮತ್ತು ಲಾಕ್. ಕೆಸರು, ಕಲ್ಲಿನ ಏರು ಬಂದಾಗ ಮಾತ್ರ ಲಾಕ್ ಮಾಡಬೇಕು, ಆಗ ಮುಂದಿನ ಚಕ್ರಕ್ಕೂ ಎಂಜಿನ್ನಿನ ಬಲ ಸಿಗುತ್ತದೆ. ಸಾಮಾನ್ಯ ರಸ್ತೆಯಲ್ಲಿ ಹಾಗೇ ಬಿಟ್ಟರೆ ಗಾಡಿ ಸುಮ್ಮನೆ ಡೀಸೆಲ್ ಕುಡಿಯುತ್ತದೆ. ಎರಡೂ ಬಿಲ್ಲೆಗಳು ಲಾಕ್‌ನಲ್ಲಿದ್ದವು.

"ಸಾಧ್ಯವೇ ಇಲ್ಲ!" ಬೋಪಣ್ಣ ಬಗ್ಗಿ ನೋಡಿದರು. "ನಿನ್ನೆ ಸಂಜೆ ನನ್ನ ಕೈಯಾರೆ ಫ್ರೀಗೆ ತಿರುಗಿಸಿದ್ದೇನೆ."

"ಹಾಗಾದರೆ ಡೀಸೆಲ್ ಕದ್ದಿಲ್ಲ, ಗಾಡಿಯನ್ನೇ ಓಡಿಸುತ್ತಿದ್ದಾರೆ," ಎಂದರು ಮೇಡಂ. "ನೀವು ದಿನಾ ಮನೆಯಲ್ಲಿ ಇರದ ಹೊತ್ತು ಯಾವುದು?"

"ಬೆಳಿಗ್ಗೆ ಐದರಿಂದ ಏಳು. ನಾನೂ ಇವಳೂ ಮೈದಾನಕ್ಕೆ ವಾಕಿಂಗ್ ಹೋಗ್ತೇವೆ."

ಮೆಕ್ಯಾನಿಕ್ ಉಮಾಕಾಂತನ ಮೇಲೆ ಬೋಪಣ್ಣನವರಿಗೆ ಅನುಮಾನವಿತ್ತು. ಮೇಡಂ ಒಪ್ಪಲಿಲ್ಲ. ಜೀಪು ಬಲ್ಲವನು ಬಿಲ್ಲೆಯನ್ನು ಲಾಕ್‌ನಲ್ಲಿ ಬಿಟ್ಟು ಹೋಗುವುದಿಲ್ಲ.

ಪಕ್ಕದ ಮನೆ ಗುರುಸಿದ್ದಪ್ಪನವರದು. ರೈಲಿನ ನಿವೃತ್ತ ಲೋಕೊ ಪೈಲಟ್, ಗದಗದವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಸಂಜೆಯಾದರೆ ಬೋಪಣ್ಣನವರ ಜಗಲಿಯಲ್ಲಿ ಕುಳಿತು ಜೀಪಿನ ಕತೆ ಕೇಳುವವರು. ಮೇಡಂ ಕೇಳಿದರು, ಅಕ್ಷರಾ ನಡುವೆ ನಿಂತು ಎರಡೂ ಕಡೆ ದಾಟಿಸಿದಳು.

"ಜೀಪಿನ ಸದ್ದು ಕೇಳಿದ್ದೀರಾ?"

"ಕೇಳೇನ್ರಿ."

"ಯಾವ ಹೊತ್ತಿಗೆ?"

"ಮುಂಜಾನೆ. ಐದೂಕಾಲಕ್ಕ, ಬರೋಬರ್."

"ಯಾರಾದರೂ ಕಂಡರಾ?"

"ಆ ಮಂಜಿನಾಗ ಏನ್ ಕಾಣತೈತ್ರಿ? ನನ್ನ ಕೈ ನನಗ ಕಾಣಂಗಿಲ್ಲ." ಅವರು ತಲೆ ಕೆರೆದುಕೊಂಡರು. "ಆದ್ರ ಒಂದ್ ಮಾತು, ತಂಗಿ. ಡೀಸೆಲ್ ಕಡಿಮಿ ಆಗೇತಿ ಅಂದ್ರ ನನಗ ನಂಬಿಕಿ ಬರವಲ್ದು. ಹದಿನಾಕ ಕೊಡೋ ಗಾಡಿ ಅದು. ಹೆಂಗ ಕಡಿಮಿ ಆಗತೈತಿ?"

ಅಕ್ಷರಾಳ ತಲೆ ಮತ್ತೆ ಆಡಿತು.

ಡಿಸೆಂಬರ್ 9, ಮಂಗಳವಾರ. ಬೋಪಣ್ಣನವರ ಜೊತೆ ಭಾನುವಾರಗಳಂದು ಹಳೆ ಜೀಪುಗಳಲ್ಲಿ ಗುಡ್ಡ ಹತ್ತುವ ಗೆಳೆಯರನ್ನು ವಿಚಾರಿಸಲಾಯಿತು. ಕದಿಯುವಂಥವರು ಯಾರೂ ಇರಲಿಲ್ಲ. ಹದಿನಾಲ್ಕು ಎಂದ ಕೂಡಲೇ ಎಲ್ಲರೂ ನಕ್ಕರು. ಮಹಾಲ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬಾತ, "ಎಂಜಿನ್ ಆಫ್ ಮಾಡಿ ಇಳಿಜಾರಲ್ಲಿ ಬಿಟ್ಟರೆ ಕೊಡಬಹುದು," ಎಂದ. "ಅವರ ಮುಂದೆ ಮಾತ್ರ ಯಾರೂ ಹೇಳುವುದಿಲ್ಲ, ಮೇಡಂ. ಒಳ್ಳೆಯ ಮನುಷ್ಯ."

ಮಧ್ಯಾಹ್ನ ಕನ್ಹಾನ್ ರಸ್ತೆಯ ಪೆಟ್ರೋಲ್ ಪಂಪಿನಿಂದ ಸುದ್ದಿ ಸಿಕ್ಕಿತು. ಮಂಕಿ ಟೋಪಿ ಹಾಕಿದ ಒಬ್ಬ ಮುದುಕ ವಾರಕ್ಕೊಮ್ಮೆ ಹಾಲಿನ ಕ್ಯಾನು ತಂದು ಡೀಸೆಲ್ ತುಂಬಿಸಿಕೊಂಡು ಹೋಗುತ್ತಾನಂತೆ. ಕ್ಯಾಮೆರಾದಲ್ಲಿ ಟೋಪಿ ಬಿಟ್ಟು ಬೇರೇನೂ ಕಾಣಲಿಲ್ಲ.

"ಇದೇನು?" ಮೇಶ್ರಾಮ್ ಬೆರಗಾದ. "ಗಾಡಿ ಕದಿಯುತ್ತಾನೆ, ಡೀಸೆಲ್ ಕೊಂಡು ಹಾಕುತ್ತಾನೆ?"

"ಹಾಕಿದರೂ ಕಡಿಮೆಯಾಗುತ್ತಿದೆಯಲ್ಲ," ಎಂದರು ಮೇಡಂ. ಸ್ವಲ್ಪ ಹೊತ್ತು ಪೆನ್ನಿನಿಂದ ಮೇಜು ಕುಟ್ಟಿದರು. "ಆ ಗಾಡಿ ನಿಜವಾಗಿ ಎಷ್ಟು ಕೊಡುತ್ತದೆ, ಅದನ್ನು ಮೊದಲು ನೋಡಿ ಬನ್ನಿ."

ಡಿಸೆಂಬರ್ 10, ಬುಧವಾರ. ಹಿಂದಿನ ಸಂಜೆಯೇ ಠಾಣೆಗೆ ತರಿಸಿದ್ದ ಜೀಪಿನ ಟ್ಯಾಂಕನ್ನು ಪಂಪಿನಲ್ಲಿ ಕುತ್ತಿಗೆಯವರೆಗೆ ತುಂಬಿಸಿ, ಬಿಲ್ಲೆಗಳನ್ನು ಫ್ರೀ ಮಾಡಿ, ಮೇಶ್ರಾಮ್ ಮತ್ತು ಅಕ್ಷರಾ ಅದರಲ್ಲಿ ರಾಮಟೇಕಕ್ಕೆ ಹೊರಟರು. ದೂರ ಅಳೆಯಲು ಅವಳ ಫೋನು. ಚಳಿಗಾಲದ ಬಿಸಿಲು ಹದವಾಗಿತ್ತು, ಪಕ್ಕದ ಬಾಗಿಲೇ ಇಲ್ಲದ ಜೀಪಿನಲ್ಲಿ ಗಾಳಿ ಕಿವಿ ಹಿಂಡುತ್ತಿತ್ತು, ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಮಾತಾಡಬೇಕಾಗಿಲ್ಲದ ಇಂಥ ಕೆಲಸ ದಿನಾ ಸಿಗಬಾರದೇ ಎನಿಸಿತು ಅವಳಿಗೆ. ರಾಮಟೇಕದಲ್ಲಿ ತರ್ರಿ ಪೋಹೆ ಎಂಬ ಅವಲಕ್ಕಿ ತಿಂದರು. ಖಾರದ ರಸಕ್ಕೆ ಇಬ್ಬರ ಮೂಗಲ್ಲೂ ನೀರು. ತಿರುಗಿ ಬಂದು ಅದೇ ಪಂಪಿನಲ್ಲಿ ಮತ್ತೆ ಕುತ್ತಿಗೆಯವರೆಗೆ ತುಂಬಿಸಿ ಭಾಗಿಸಿ ನೋಡಿದರು.

ಎಂಟು.

"ಜೇನುತುಪ್ಪ ಸವರಿ ಹೇಳಿದರೆ ಎಂಟೂಕಾಲು," ಮೇಶ್ರಾಮ್ ನಕ್ಕ. "ನೋಡು ಪೋರಿ, ಈ ಮಾತು ಆ ಮುದುಕರಿಗೆ ಹೇಳಬೇಡ. ಎದೆ ಒಡೆದೀತು."

ಅವಳು ತಲೆ ಆಡಿಸಿದಳು. ಆದರೆ ಜೀಪನ್ನು ಶೆಡ್ಡಿಗೆ ಬಿಟ್ಟು ಠಾಣೆಗೆ ಬರುವಷ್ಟರಲ್ಲಿ ಮನಸ್ಸಿನಲ್ಲಿ ಒಂದು ಗಂಟು ಸಡಿಲವಾಗಿತ್ತು. ಮಂಕಿ ಟೋಪಿಯವನು ಓಡಿಸಿದಷ್ಟೂ ಲೆಕ್ಕವಾಗಿ ಡೀಸೆಲ್ ಹಾಕಿದ್ದಾನೆ, ಆದರೆ ಹದಿನಾಲ್ಕರ ಲೆಕ್ಕದಲ್ಲಿ. ಅವನು ಒಂದು ಲೀಟರ್ ಹಾಕುವ ಕಡೆ ಗಾಡಿ ಸುಮಾರು ಎರಡು ಕುಡಿದಿದೆ. ಅಂದರೆ ಬೋಪಣ್ಣನವರ ಹದಿನಾಲ್ಕನ್ನು ನಿಜವೆಂದೇ ನಂಬಿರುವ ಮನುಷ್ಯ.

ಮೇಡಂ ಕೂಡ ಅದೇ ಲೆಕ್ಕಕ್ಕೆ ಬಂದಿದ್ದರು. "ಇಡೀ ಕಾಮಠಿಯಲ್ಲಿ ಆ ಹದಿನಾಲ್ಕನ್ನು ನಂಬುವವನು ಯಾರಿದ್ದಾನೆ, ಹೇಳಿ ನೋಡೋಣ?"

ಮೇಶ್ರಾಮ್ ಗಟ್ಟಿಯಾಗಿ ನಕ್ಕ. ಅಕ್ಷರಾ ಪೆನ್ನು ತೆಗೆದುಕೊಂಡಳು. ಒಂದು ಚೀಟಿಯ ಮೇಲೆ ಹೆಸರು ಬರೆದು ಮೇಜಿನ ಮೇಲೆ ತಳ್ಳಿದಳು.

ಡಿಸೆಂಬರ್ 11, ಗುರುವಾರ, ಬೆಳಿಗ್ಗೆ 5.17. ಬೀದಿಯ ತಿರುವಿನಲ್ಲಿ ನಿಂತ ಪೊಲೀಸ್ ವಾಹನದ ಮುಂದೆಯೇ ಜೀಪು ಹಾದುಹೋಯಿತು. ಅವರು ದೀಪ ಹಾಕದೆ ಹಿಂಬಾಲಿಸಿದರು. ಕನ್ಹಾನ್ ಕಡೆಗೆ, ರೈಲು ಹಳಿಯ ಪಕ್ಕದ ಮಣ್ಣಿನ ದಾರಿಗೆ ಇಳಿದು, ಹಳಿಯ ಜೊತೆಜೊತೆಗೇ ಸಾಗಿ, ಜೀಪು ಒಂದು ಖಾಲಿ ಬಯಲಿಗೆ ತಿರುಗಿತು. ಮಂಜು ತಿಳಿಯಾಗುತ್ತಿತ್ತು. ಬಯಲಿನ ನಡುವೆ ಅದು ಎಡಕ್ಕೆ ಸುತ್ತಿತು, ಬಲಕ್ಕೆ ಸುತ್ತಿತು, ಮತ್ತೆ ಎಡಕ್ಕೆ. ಎಲ್ಲಿಗೂ ಹೋಗುವ ಆತುರವಿಲ್ಲ. ಮೇಡಂ ಟಾರ್ಚ್ ಹಾಕಿದಾಗ ಜೀಪು ಒಮ್ಮೆ ಜಿಗಿದು ನಿಂತಿತು.

"ಇಳಿಯಿರಿ."

ಗುರುಸಿದ್ದಪ್ಪ ಮಂಕಿ ಟೋಪಿ ತೆಗೆದು ಇಳಿದರು. ಮುಖ ಅರಳಿತ್ತು. "ಬಂದ್ರೇನವ್ವಾ?" ಎಂದರು ಅಕ್ಷರಾಳಿಗೆ. "ಚಲೋ ಆತು. ನಿನ್ನೆ ಗಾಡಿ ಇರಲಿಲ್ಲ, ಜೀವಕ್ಕ ಸಮಾಧಾನನ ಇರಲಿಲ್ಲ."

5.50ಕ್ಕೆ ಬಂಧನ. ಹೇಳಿಕೆ ಠಾಣೆಯಲ್ಲಿ.

"ಎಷ್ಟು ದಿನದಿಂದ?"

"ದೀಪಾವಳಿ ಆದ್ಮ್ಯಾಲ."

"ಓಡಿಸುವುದನ್ನು ಕಲಿಸಿದವರು?"

"ಫೋನಿನಾಗಿನ ವೀಡಿಯೋ."

"ಲೈಸೆನ್ಸ್?"

"ರೈಲಿಂದು ಇತ್ರಿ."

ಮೇಶ್ರಾಮ್ ಗೋಡೆ ಕಡೆ ತಿರುಗಿದ.

"ದೂರ ಹೇಗೆ ಅಳೆದಿರಿ? ಮೀಟರ್ ಇಲ್ಲವಲ್ಲ?"

"ಹಳಿ ಬಾಜೂಕ ಕಿಲೋಮೀಟರ್ ಕಂಬ ಅದಾವಲ್ರಿ. ಅವು ಸುಳ್ಳು ಹೇಳಂಗಿಲ್ಲ. ಬಯಲಾಗ ಸುತ್ತಿದ್ದಕ್ಕ ಮ್ಯಾಲೊಂದಿಷ್ಟು ಹಿಡಿದು ಹಾಕೀನಿ."

"ಚಕ್ರದ ಬಿಲ್ಲೆ ಲಾಕ್ ಮಾಡಿದ್ದು ಯಾಕೆ?"

ಗುರುಸಿದ್ದಪ್ಪ ಸುತ್ತ ನೋಡಿದರು, ಇದೆಂಥ ಪ್ರಶ್ನೆ ಎಂಬಂತೆ. "ಅದರ ಮ್ಯಾಲ ಲಾಕ್ ಅಂತ ಬರದಾರಲ್ರಿ. ಬೀಗದ ಕೈ ನೋಡಿದ್ರ ಮೊಳೀಗೆ ಜೋತಬಿದ್ದಿರತೈತಿ. ಯಾರರ ಗಾಡಿ ಕದ್ದ ಒಯ್ದಾರು ಅಂತ ದಿನಾ ಲಾಕ್ ಮಾಡೇ ಬರ್ತಿದ್ದೆ."

ಈ ಸಲ ಮೇಡಂ ಕೂಡ ಗೋಡೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, "ಯಾಕೆ ಮಾಡಿದಿರಿ, ಕಾಕಾ?"

ಅವರು ಅಂಗೈ ನೋಡಿಕೊಂಡರು. "ಮೂವತ್ತಾರು ವರ್ಷ ಗೂಡ್ಸ್ ಗಾಡಿ ಓಡಿಸೀನಿ. ಕಲ್ಲಿದ್ದಲು, ಸಿಮೆಂಟು. ಒಂದ್ ಸಲನೂ ತಿರುಗಿಸಿಲ್ಲವ್ವಾ. ತಿರುವು ಬಂದ್ರ ಹಳಿ ತಿರುಗತಿತ್ತು, ನಾ ಸುಮ್ನ ಕುಂತಿರತಿದ್ದೆ. ಸ್ಟೇರಿಂಗ್ ಹಿಡದ್ರ ಹೆಂಗಿರತೈತಿ ಅಂತ ನೋಡಬೇಕಿತ್ತು." ಸಂಕೋಚದಿಂದ ನಕ್ಕರು. "ಆದ್ರೂ ಹಳಿ ಬಿಟ್ಟು ಹೋಗೋ ಧೈರ್ಯ ಆಗಲಿಲ್ಲ. ಬಾಜೂಕ ಇದ್ರ ಒಂದ್ ಸಮಾಧಾನ."

8.30ಕ್ಕೆ ಬೋಪಣ್ಣ ಮತ್ತು ನೀಲಾ ಬಂದರು. ಒಳಗೆ ಕುಳಿತಿದ್ದ ಗೆಳೆಯನನ್ನು ಕಂಡು ಬೋಪಣ್ಣ ಬಾಗಿಲಲ್ಲೇ ನಿಂತರು.

"ನೀವಾ, ಮಾರಾಯ್ರೇ? ಕೇಳಿದ್ರೆ ಕೊಡ್ತಿರಲಿಲ್ವಾ ನಾನು?"

"ಕೇಳಿದ್ರ ಕೊಡ್ತಿದ್ರಿ, ಮೇಜರ್ ಸಾಹೇಬ್ರ. ಬಾಜೂಕ ಕುಂತು ಬೈತನೂ ಇರ್ತಿದ್ರಿ."

ನೀಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಬೋಪಣ್ಣನವರ ಮೀಸೆಯೂ ಅಲುಗಿತು. ಮೇಡಂ ವಿವರಿಸಿದರು: ಪ್ರಕರಣ ಕೋರ್ಟಿಗೆ ಹೋಗುತ್ತದೆ, ಆದರೆ ಗಾಡಿಯ ಮಾಲೀಕರು ಒಪ್ಪಿದರೆ ಅಲ್ಲಿ ರಾಜಿ ಮಾಡಿಕೊಳ್ಳಬಹುದು.

"ಗಾಡಿ ತಗೊಂಡದ್ದನ್ನ ಬಿಡ್ತೇನೆ," ಎಂದರು ಬೋಪಣ್ಣ. "ಆದ್ರೆ ಡೀಸೆಲ್? ಒಂದು ತಿಂಗಳು ನನ್ನ ಡೀಸೆಲ್ ಸುಟ್ಟಿದ್ದಾರಲ್ಲ."

"ಹಾಕೀನ್ರಿ! ಕಂಬ ಎಣಿಸಿ ಹಾಕೀನಿ. ಹದಿನಾಕ ಕಿಲೋಮೀಟರಿಗೆ ಒಂದು ಲೀಟರು, ನೀವು ಹೇಳಿದಂಗ."

ಬೋಪಣ್ಣ ಕಿಟಕಿಯ ಕಡೆ ನೋಡಿದರು. ಅವರ ಕಿವಿ ಕೆಂಪಾಯಿತು.

"ಹಾಗಾದ್ರೆ ಅಳತೆ ಕಡಿಮೆ ಹಾಕಿರ್ಬೇಕು ನೀವು," ಎಂದರು.

ಗುರುಸಿದ್ದಪ್ಪ ಎದ್ದು ನಿಂತರು. ಬೆಳಗಿನಿಂದ ಇದ್ದ ನಗು ಇಳಿದುಹೋಯಿತು. "ಕಳ್ಳ ಅನ್ರಿ, ಒಪ್ಪತೀನಿ. ಅಳತ್ಯಾಗ ಮೋಸ ಮಾಡ್ದಾಂವ ಅನಬ್ಯಾಡ್ರಿ. ರಾಜಿ ಬ್ಯಾಡ. ನನ್ನ ಒಳಗ ಹಾಕ್ರಿ, ಮೇಡಂ."

"ಏನು ಹೇಳುತ್ತಿದ್ದಾರೆ?" ಮೇಡಂ ಮರಾಠಿಯಲ್ಲಿ ಕೇಳಿದರು. ಅಕ್ಷರಾ ತಿರುಗಿ ನೋಡಿದಳು. ಮೇಶ್ರಾಮ್ ಕಣ್ಣಲ್ಲೇ ಬೇಡ ಎಂದ.

ಅಷ್ಟರಲ್ಲಿ ಬೋಪಣ್ಣನವರೇ ಅವಳ ಕಡೆ ತಿರುಗಿದರು. "ನೀನೇ ಹೇಳು, ಮಗಳೇ. ನಿನ್ನೆ ನನ್ನ ಗಾಡೀಲಿ ರಾಮಟೇಕಕ್ಕೆ ಹೋಗಿ ಬಂದಿದ್ದೀಯ. ಹದಿನಾಲ್ಕು ಕೊಡುತ್ತೆ ಅಂದಾಗ ನೀನೇ ತಲೆ ಆಡಿಸಿದವಳು. ಹೌದೋ ಅಲ್ವೋ?"

ಅವಳ ತಲೆ ಆಡಲು ಹೊರಟಿತು. ಅವಳು ಕುತ್ತಿಗೆ ಬಿಗಿಹಿಡಿದಳು. ಗುರುಸಿದ್ದಪ್ಪನವರ ಕೈಯಲ್ಲಿ ಮಂಕಿ ಟೋಪಿ ಮುದ್ದೆಯಾಗಿತ್ತು.

"ಎಂಟು, ಸರ್," ಎಂದಳು ಅಕ್ಷರಾ, ಹೊರಗಿನ ಜಗಲಿಯವರೆಗೂ ಕೇಳಿಸುವಂತೆ. "ನಿಮ್ಮ ಗಾಡಿ ಎಂಟೇ ಕೊಡೋದು."