ಸೀಟಿನ ಮೇಲಿನ ಅಂಗಿ

"ಸೀಟಿನ ಮೇಲೆ ಹಾಸಿರೋ ಬಟ್ಟೆ ತೆಗೀಬೇಡಪ್ಪ. ಬೇರೆ ಯಾವ ಕಾರಲ್ಲಾದ್ರೂ ಕೂತ್ಕೋ, ನಿನ್ನ ಭಾವನ ಕಾರಲ್ಲಿ ಮಾತ್ರ ಬೇಡ," ಎಂದ ತಗಡು ಬಡಿಯುವ ಮುದುಕ. ಹೇಳುವಾಗ ಅವನ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ.

ಲಿಫ್ಟ್ ರಿಪೇರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. "ತೆಗೆದ್ರೆ ಏನ್ ತಾತ? ಕಾರು ಕಚ್ಚುತ್ತಾ?"

"ಉಸಿರು ಕುಡಿಯುತ್ತೆ. ಆ ಇಂಜಿನ್ ಕಟ್ಟಿದ ಮೆಕ್ಯಾನಿಕ್ಕಿಗೆ ಸ್ವಂತ ಅಣ್ಣನೇ ವಿಷ ಇಟ್ಟ. ಸಾಯೋ ಮುಂಚೆ ಅವನು ಅದಕ್ಕೆ ಮಾಟ ಕಟ್ಟಿದ. ಯಾರಿಗೆ ಅಂಟುತ್ತೋ ಅವರ ಉಸಿರಲ್ಲೇ ಅದು ಓಡೋದು."

"ಪೆಟ್ರೋಲ್ ಉಳೀತು ಬಿಡಿ!"

ಮುದುಕ ಸುತ್ತಿಗೆ ಎತ್ತಿಕೊಂಡು ಹೊರಟುಹೋದ.

ಮುಚ್ಚಿಹೋದ ಗಿರಣಿಯ ಅಂಗಳದಲ್ಲಿ ಆ ಶನಿವಾರ ನಲವತ್ತು ಹಳೆಯ ಮಸಲ್ ಕಾರುಗಳು ಸೇರಿದ್ದವು. ಎಂಟು ಸಿಲಿಂಡರಿನ, ಅಗಲ ಎದೆಯ ಕಾರುಗಳು. ಮಾಲೀಕರೆಲ್ಲ ಬಾನೆಟ್ ತೆರೆದಿಟ್ಟು, ಹೆತ್ತ ಮಕ್ಕಳನ್ನು ಮೆರೆಸುವಂತೆ ಮೆರೆಸುತ್ತಿದ್ದರು. ಅವರಲ್ಲೊಂದು ಕಟ್ಟಳೆಯಿತ್ತು. ಮಾಲೀಕ ಕಾರು ಬಿಟ್ಟು ಎದ್ದರೆ ಸ್ಟೀರಿಂಗ್ ಹಿಂದಿನ ಸೀಟಿಗೆ ಬಟ್ಟೆ ಹಾಸಬೇಕು. ಹಾಸಿದ್ದನ್ನು ಇನ್ನೊಬ್ಬ ಮುಟ್ಟಬಾರದು. ಮಧ್ಯಾಹ್ನ ಹನ್ನೆರಡಕ್ಕೆ ಎಲ್ಲ ಇಂಜಿನ್ನುಗಳೂ ಒಟ್ಟಿಗೆ ಗುಡುಗಬೇಕು.

ಭಾವನ ಕರಿ ಕಾರು ಮಾತ್ರ ಷೆಡ್ಡಿನೊಳಗಿತ್ತು. ಮೂರು ವರ್ಷಗಳಿಂದ ಭಾವ ಸೊರಗುತ್ತಿದ್ದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಯಾವ ಡಾಕ್ಟರಿಗೂ ರೋಗ ಸಿಕ್ಕಿರಲಿಲ್ಲ. "ಹನ್ನೆರಡಕ್ಕೆ ಸ್ಟಾರ್ಟ್ ಮಾಡಬೇಕು. ನನ್ನ ಕೈಲಿ ಆಗಲ್ಲ ಕಣೋ," ಎಂದಿದ್ದರು ಬೆಳಿಗ್ಗೆ. ನೀನು ಮಾಡು ಎಂದು ಕೇಳಲಿಲ್ಲ.

ಕೇಳಬೇಕಾಗಿಯೂ ಇರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಕೈತುತ್ತು ಹಾಕಿ ಬೆಳೆಸಿದವಳು ಅಕ್ಕ. ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟವರು ಭಾವ. ಅವರಿಗಾಗಿ ಒಂದು ಕೀಲಿ ತಿರುಗಿಸುವುದು ಯಾವ ಮಹಾ ಕೆಲಸ? ಅವನು ಷಟರ್ ಎತ್ತಿ ಒಳಹೊಕ್ಕ. ಷಟರ್ ತಾನಾಗಿ ಜಾರಿ ಮುಚ್ಚಿಕೊಂಡಿತು.

ಕತ್ತಲು. ಗ್ರೀಸಿನ ನಾತ, ಸುಟ್ಟ ರಬ್ಬರಿನ ನಾತ. ಅವುಗಳ ಅಡಿಯಲ್ಲಿ ಬಹಳ ದಿನ ಮಲಗಿದ ರೋಗಿಯ ಬಾಯಿಯ ಹುಳಿ ವಾಸನೆ. ಲಿಫ್ಟ್ ಓಡಾಡುವ ಗುಂಡಿಗಳ ಕತ್ತಲಲ್ಲೇ ಹದಿನೈದು ವರ್ಷ ಕಳೆದವನು ಅವನು. ಇಲಿ ಬಿಟ್ಟರೆ ಬೇರೆ ದೆವ್ವ ಕಂಡಿರಲಿಲ್ಲ. ಬಾಗಿಲು ತೆರೆದು, ಬಟ್ಟೆಯನ್ನು ತಡಕಿ ತೆಗೆದು ಪಕ್ಕಕ್ಕೆ ಎಸೆದು ಕೂತ. ಸೀಟು ಬೆಚ್ಚಗಿತ್ತು.

ಹೊರಗೆ ಮೂವತ್ತೊಂಬತ್ತು ಇಂಜಿನ್ನುಗಳು ಗುಡುಗಿದವು. ಅವನು ಕೀಲಿ ತಿರುಗಿಸಿದ. ಕಾರು ಎದ್ದಿತು. ಡ್ಯಾಶ್‌ಬೋರ್ಡಿನ ಹಳದಿ ಬೆಳಕಿನಲ್ಲಿ ಪೆಟ್ರೋಲ್ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಆದರೂ ಇಂಜಿನ್ ಓಡುತ್ತಿತ್ತು. ಎಳೆಯಿತು. ಬಿಟ್ಟಿತು. ಮತ್ತೆ ಎಳೆಯಿತು. ಅವನ ಎದೆ ಒಳಕ್ಕೆ ಸೇದಿಕೊಂಡಿತು. ಗಾಳಿ ಇಲ್ಲ. ಕೀಲಿ ತಿರುಗುತ್ತಿಲ್ಲ. ಬಾಗಿಲು ಬಿಡುತ್ತಿಲ್ಲ. ಕಣ್ಣು ಕತ್ತಲಿಟ್ಟಿತು. ಕೈಗೆ ಸಿಕ್ಕ ಆ ಬಟ್ಟೆಯನ್ನು ಹಳದಿ ಬೆಳಕಿಗೆ ಹಿಡಿದ.

ನೀಲಿ ಚೌಕಳಿಯ ಅಂಗಿ. ಮೂರನೆಯ ಗುಂಡಿಗೆ ಕೆಂಪು ದಾರ. ನೀಲಿ ದಾರ ಮುಗಿದಿದೆಯೆಂದು ಅಕ್ಕನೇ ಹಾಕಿದ ಹೊಲಿಗೆ. ಹೋದ ತಿಂಗಳು ಕೇಳಿದ್ದಳು: "ಹಳೇ ಅಂಗಿ ಇದ್ರೆ ಕೊಡೋ, ನೆಲ ಒರೆಸೋಕೆ." ಅವನು ಇದನ್ನೇ ಕೊಟ್ಟಿದ್ದ.

ಇಂಜಿನ್ ನಿಂತಿತು. ಷಟರ್ ಮೇಲೇರಿತು. ಬಿಸಿಲಿನಲ್ಲಿ ಭಾವ ನೆಟ್ಟಗೆ ನಿಂತು ಎದೆತುಂಬ ಉಸಿರೆಳೆಯುತ್ತಿದ್ದರು. ಪಕ್ಕದಲ್ಲಿ ಅಕ್ಕ. ಜ್ವರ, ಬರುವುದಿಲ್ಲ ಎಂದಿದ್ದವಳು.

"ತಾತ... ಬೇಡ ಅಂದಿದ್ದ..." ಎಂದ ಅವನು ತೇಕುತ್ತ.

"ಅವನ ಕೈಲಿ ಹೇಳಿಸಿದ್ದೇ ನಾವು," ಎಂದರು ಭಾವ. "ತಗೊಳ್ಳೋನ ಅಂಗೀನೇ ಹಾಸಿ, ಸ್ವಂತದವರೇ ಕೊಡಬೇಕು. ಬೇರೆಯವರು ಬೇಡ ಅಂದ್ರೂ ಅವನು ಕೇಳದೆ ತಗೋಬೇಕು. ಇಲ್ದಿದ್ರೆ ಮಾಟ ದಾಟಲ್ಲ. ಬೇಡ ಅಂದದ್ದನ್ನೇ ಮಾಡೋನು ನೀನು, ಚಿಕ್ಕಂದಿನಿಂದ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. "ನನಗೆ ಇಬ್ಬರು ಮಕ್ಕಳಿದ್ದಾರಲ್ಲೋ. ನಿನಗೆ ಹಿಂದೆ ಮುಂದೆ ಯಾರಿದ್ದಾರೆ?"

"ನೀನಿದ್ದೆ ಅಕ್ಕ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಅವನು ಹೊಟ್ಟೆಯೊಳಗಿನ ಬೆಂಕಿಯೊಂದಿಗೆ ಬದುಕಿದ. ಅವನ ಪಾಲಿಗೇ ಬಂದ ಕಾರು ಓಡಿಸಿದರೂ ಕುಡಿಯಿತು, ಮೂಲೆಯಲ್ಲಿ ಬಿಟ್ಟರೂ ಕುಡಿಯಿತು. ಮೂರು ತಿಂಗಳಲ್ಲಿ ಲಿಫ್ಟ್ ಕೆಲಸ ಹೋಯಿತು.

ಒಂದು ಮಧ್ಯಾಹ್ನ ಅಕ್ಕನ ಮನೆಯ ನಾಲ್ಕು ಮೆಟ್ಟಿಲನ್ನು ಎರಡು ಸಲ ನಿಂತು ಹತ್ತಿದ. ಬಾಗಿಲು ತೆರೆದವಳ ಮುಖ ನೋಡಿದ. ತನ್ನ ಹೊಟ್ಟೆ ಉರಿದಷ್ಟು ಅವಳದ್ದೂ ಒಂದು ಗಳಿಗೆ ಉರಿಯಲಿ ಎನ್ನಿಸಿತು. ಅಷ್ಟೇ ಅವನಿಗೆ ಬೇಕಾಗಿದ್ದುದು.

"ಹಳೇ ಅಂಗಿ ಇದ್ರೆ ಕೊಡೇ ಅಕ್ಕ. ಒರೆಸೋಕೆ."

ಅವಳ ಮುಖದಲ್ಲಿ ರಕ್ತ ಇಂಗಿತು. ಒಳಗಿನಿಂದ ಹಿರಿಮಗನ ದನಿ ಕೇಳಿಸಿತು. ಕಾಲೇಜು ಓದುವವನು; ನಗುವುದರಲ್ಲಿ, ಮೊಂಡುತನದಲ್ಲಿ ಥೇಟ್ ಮಾವನೇ. "ನಂದಿದೆ ತಗೊಳ್ಳಿ ಮಾಮ!" ಎನ್ನುತ್ತ ತೊಟ್ಟ ಅಂಗಿಯನ್ನೇ ಕಳಚುತ್ತ ಬಂದ. "ಈ ಸಲ ಗಿರಣಿ ಅಂಗಳದಲ್ಲಿ ನಿಮ್ಮ ಕಾರು ನಾನೇ ಸ್ಟಾರ್ಟ್ ಮಾಡ್ತೀನಿ."

"ಬೇಡ ಕಣೋ!" ಅಕ್ಕ ಚೀರಿದಳು. "ಆ ಕಾರು ಮುಟ್ಟಬೇಡ! ಅದು ಉಸಿರು ಕುಡಿಯುತ್ತೆ!"

ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಚ್ಚೋದೂ ಇದೆಯಾ ಅಮ್ಮ?"

ಅಂಗಿ ಹಾರಿ ಬಂದು ಮಾವನ ಹೆಗಲ ಮೇಲೆ ಬಿತ್ತು. ಇನ್ನೂ ಮೈಬಿಸಿ ಆರಿರಲಿಲ್ಲ. ಬೇಡ ಎನ್ನಲು ಅವನು ಬಾಯಿ ತೆರೆದ.

ಉಸಿರು ಸಾಲಲಿಲ್ಲ.